ಮುಟ್ಟು ಅಂದುಕೊಂಡ ರಕ್ತ: ಬಸಿರಿನಲ್ಲಿ ರಕ್ತ ಕಂಡರೆ ಗುರುತಿಸೋದು ಹೇಗೆ, ಮಾಡೋದೇನು

ಆ ದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ನಾಲ್ಕನೇ ರೊಟ್ಟಿಗೆ ಬಲ ಹೆಗಲಿನ ತುದಿಯಲ್ಲಿ ಚುಚ್ಚಿದ ಹಾಗಾಯಿತು. ದಿನಾ ರೊಟ್ಟಿ ಬಡಿಯೋ ಕೈ, ಹೆಗಲು ಹಿಡಿದಿರಬೇಕು ಅಂದುಕೊಂಡೆ. ಅದಕ್ಕೂ ಮೂರು ದಿನದಿಂದ ಕೆಳಹೊಟ್ಟೆಯ ಬಲಗಡೆ ನೋವಿತ್ತು. ಓಣಿಯ ಕ್ಲಿನಿಕ್‌ಗೆ ಹೋಗಿ ಬಂದಿದ್ದೆ. ಗ್ಯಾಸ್ ಅಂತ ಹೇಳಿ ಒಂದು ಇಂಜೆಕ್ಷನ್ ಮಾಡಿ, ಮಾತ್ರೆ ಕೊಟ್ಟಿದ್ದರು. ಮುಟ್ಟು ಆಗಿದ್ದು ಯಾವಾಗ ಅಂತ ಅವರು ಕೇಳಿದ್ದರು. ಎರಡು ವಾರ ಆಯ್ತು ಅಂದಿದ್ದೆ.

ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ಎಚ್ಚರ ಆದಾಗ ಅತ್ತಿ ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು "ಯವ್ವಾ, ಕಣ್ಣ ತಗಿಯವಾ" ಅಂತ ಅಳುತ್ತಿದ್ದರು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ದ ಮೇಲೆ ಗೊತ್ತಾಗಿದ್ದು ಇಷ್ಟು: ನಾನು ಆರು ವಾರ ದಾಟಿದ ಬಸುರಿ. ಬಸಿರು ಗರ್ಭಕೋಶದಲ್ಲಿ ಕೂರದೆ ಬಲಗಡೆಯ ನಾಳದಲ್ಲಿ, ಅಂದರೆ ಅಂಡಾಶಯದಿಂದ ಗರ್ಭಕೋಶಕ್ಕೆ ಹೋಗುವ ಕೊಳವೆಯಲ್ಲಿ, ಕೂತಿತ್ತು. ನಾಳ ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿತ್ತು. ಹೆಗಲು ನೋಯಲು ರೊಟ್ಟಿ ಕಾರಣ ಅಲ್ಲ. ಹೊಟ್ಟೆಯೊಳಗೆ ಸೋರಿದ ರಕ್ತ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯನ್ನು, ಕೆಣಕಿದರೆ ನೋವು ಹೆಗಲಿನ ತುದಿಯಲ್ಲಿ ಕಾಣಿಸುತ್ತದೆ. ಎರಡೂ ಕಡೆಗೆ ಒಂದೇ ಬೇರಿನ ನರ.

ಎರಡು ವಾರದ ಹಿಂದೆ ನನಗೆ ಆಗಿದ್ದು ಮುಟ್ಟಾಗಿರಲಿಲ್ಲ. ನಾಲ್ಕು ದಿನ ತಡವಾಗಿ ಬಂದಿತ್ತು. ಕಂದು ಬಣ್ಣ, ಎರಡೇ ದಿನ, ದಿನಕ್ಕೆ ಒಂದು ಪ್ಯಾಡ್ ಕೂಡ ಪೂರ್ತಿ ನೆನೆದಿರಲಿಲ್ಲ. ಈ ಸಲ ಕಮ್ಮಿ ಆಯ್ತು, ಒಳ್ಳೇದೇ ಆಯ್ತು ಅಂತ ಸುಮ್ಮನಾಗಿದ್ದೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆ ಇದಕ್ಕೆ ಕಡಿಗಾಗೋದು, ಹೊರಗಾಗೋದು, ಎಂಸಿ, ಪಿರಿಯಡ್ಸ್ ಅಂತ ಹತ್ತು ಹೆಸರಿವೆ. ರಕ್ತ ಕಂಡ ಕೂಡಲೇ ಆ ಹೆಸರುಗಳಲ್ಲಿ ಒಂದನ್ನು ಹಚ್ಚಿ ಕೈ ತೊಳೆದುಕೊಂಡುಬಿಡುತ್ತೇವೆ. ಹಾಗೆ ಮಾಡಬೇಡಿ. ನಿಮ್ಮ ಯಾವತ್ತಿನ ಮುಟ್ಟಿನ ಹಾಗೆ ಇಲ್ಲದ ರಕ್ತ ಕಂಡರೆ, ಬಸಿರು ಇಲ್ಲ ಅಂತ ಖಚಿತ ಆಗೋವರೆಗೂ ಅದನ್ನು ಮುಟ್ಟು ಅಂತ ಕರೆಯಬೇಡಿ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು

"ನನಗ ಮೂರು ತಿಂಗಳತನ ಮುಟ್ಟು ಬರ್ತಾನ ಇತ್ತು, ಆಮ್ಯಾಲೆ ಬಸುರಿ ಅಂತ ಗೊತ್ತಾತು" ಅಂತ ಹೇಳುವ ಅಜ್ಜಿಯರು ಪ್ರತಿ ಊರಲ್ಲೂ ಇದ್ದಾರೆ. ಅವರಿಗೆ ರಕ್ತ ಬಂದಿದ್ದು ನಿಜ. ಅದು ಮುಟ್ಟು ಅನ್ನೋದು ಮಾತ್ರ ನಿಜ ಅಲ್ಲ.

ಪ್ರತಿ ತಿಂಗಳು ಗರ್ಭಕೋಶದ ಒಳಗೆ ಮೆತ್ತನೆಯ ಪದರ ಬೆಳೆಯುತ್ತದೆ. ಮಗು ಕೂರಲಿ ಅಂತ ಹಾಸಿದ ಕೌದಿ ಅಂದುಕೊಳ್ಳಿ. ಬಸಿರು ನಿಲ್ಲದಿದ್ದರೆ ಆ ಪದರ ಕಳಚಿ ರಕ್ತದ ಜೊತೆ ಹೊರಗೆ ಬರುತ್ತದೆ. ಅದೇ ಮುಟ್ಟು. ಬಸಿರು ನಿಂತರೆ ಆ ಪದರ ಕಳಚಬಾರದು, ಕಳಚದ ಹಾಗೆ ದೇಹದ ಹಾರ್ಮೋನುಗಳು ಹಿಡಿದಿಟ್ಟಿರುತ್ತವೆ. ಹಾಗಾಗಿ ಬಸಿರು ಮತ್ತು ಮುಟ್ಟು ಒಟ್ಟಿಗೆ ಇರೋಕೆ ಆಗಲ್ಲ. ಬಸಿರಿನಲ್ಲಿ ಬರೋ ರಕ್ತಕ್ಕೆ ಬೇರೆ ಕಾರಣ ಇರುತ್ತದೆ. ಕೆಲವು ಕಾರಣ ಸಾದಾ, ಕೆಲವು ಜೀವಕ್ಕೇ ಬರುವಂಥವು.

ಹೆದರಿಸೋಕೆ ಹೇಳುತ್ತಿಲ್ಲ. ಮೊದಲ ಮೂರು ತಿಂಗಳಲ್ಲಿ ಸುಮಾರು ನಾಲ್ವರು ಗರ್ಭಿಣಿಯರಲ್ಲಿ ಒಬ್ಬರಿಗೆ ಸ್ವಲ್ಪವಾದರೂ ರಕ್ತ ಕಾಣಿಸುತ್ತದೆ. ಅವರಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಬಸಿರು ಮುಂದುವರಿದು ಚೆನ್ನಾಗಿ ಹೆರಿಗೆ ಆಗುತ್ತದೆ. ಆದರೆ ನೀವು ಯಾವ ಗುಂಪಿನಲ್ಲಿದ್ದೀರಿ ಅನ್ನೋದನ್ನು ಮನೆಯಲ್ಲಿ ಕೂತು ಹೇಳೋಕೆ ಆಗಲ್ಲ.

ಹೆಜ್ಜೆ 1: ಇದು ನನ್ನ ಯಾವತ್ತಿನ ಮುಟ್ಟಾ? ಅಂತ ಕೇಳಿಕೊಳ್ಳಿ

ಬೇರೆಯವರ ಮುಟ್ಟಿನ ಜೊತೆ ಹೋಲಿಸಬೇಡಿ. ನೆಗಿಣಿಗೆ ಎರಡೇ ದಿನ ಆಗಬಹುದು, ನಿಮಗೆ ಐದು ದಿನ ಆಗಬಹುದು. ಎರಡೂ ಸರಿ. ನೋಡಬೇಕಾಗಿದ್ದು ನಿಮ್ಮದೇ ಹೋದ ತಿಂಗಳಿನದು, ಅದರ ಹಿಂದಿನ ತಿಂಗಳಿನದು.

ಬಂದ ದಿನ ನೋಡಿ. ಯಾವಾಗಲೂ 28-30 ದಿನಕ್ಕೆ ಬರೋದು ಈ ಸಲ ನಾಲ್ಕೈದು ದಿನ ಮುಂಚೆ ಅಥವಾ ತಡವಾಗಿ ಬಂತಾ? ಬಸಿರು ಗರ್ಭಕೋಶಕ್ಕೆ ಅಂಟಿಕೊಳ್ಳುವಾಗ ಕೆಲವರಿಗೆ ಸ್ವಲ್ಪ ರಕ್ತ ಕಾಣುತ್ತದೆ. ಅದು ಬಸಿರು ಕಟ್ಟಿದ ಸುಮಾರು 10ರಿಂದ 14 ದಿನಕ್ಕೆ, ಅಂದರೆ ಹೆಚ್ಚುಕಮ್ಮಿ ಮುಟ್ಟು ಬರಬೇಕಾದ ಹೊತ್ತಿಗೇ ಬರುತ್ತದೆ. ಮೋಸ ಹೋಗೋದು ಇಲ್ಲೇ.

ಬಣ್ಣ ನೋಡಿ. ಮುಟ್ಟು ಶುರುವಿಗೆ ಕಂದು ಇದ್ದರೂ ಎರಡನೇ ದಿನಕ್ಕೆ ಚೆನ್ನಾಗಿ ಕೆಂಪಾಗುತ್ತದೆ, ಹೆಚ್ಚಾಗುತ್ತದೆ, ಆಮೇಲೆ ಇಳಿಯುತ್ತದೆ. ಅಂಟಿಕೊಳ್ಳುವಾಗಿನ ರಕ್ತ ತಿಳಿ ಗುಲಾಬಿ ಇಲ್ಲವೇ ಕಾಫಿ ಬಣ್ಣ. ಹನಿ ಹನಿ ಬಂದು ಒಂದೆರಡು ದಿನಕ್ಕೆ ನಿಂತುಹೋಗುತ್ತದೆ. ಗಡ್ಡೆ ಇರಲ್ಲ. ನೋವು ಇದ್ದರೂ ಸಣ್ಣದು.

ಹಾಗಂತ ಕಂದು ಬಣ್ಣ ಕಂಡರೆ ಅಂಟಿಕೊಂಡ ರಕ್ತವೇ, ಕೆಂಪು ಕಂಡರೆ ಮುಟ್ಟೇ ಅಂತ ತೀರ್ಮಾನ ಮಾಡಬೇಡಿ. ನನಗೆ ಬಂದಿದ್ದೂ ಕಂದು ಬಣ್ಣವೇ. ಇಂಟರ್‌ನೆಟ್ಟಿನಲ್ಲಿ ಬಣ್ಣದ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಅವನ್ನು ನೋಡಿ ಒಬ್ಬ ಹೆಣ್ಣುಮಗಳು ಸಮಾಧಾನ ಮಾಡಿಕೊಂಡು ಮಲಗಿದರೆ ನನಗೆ ಸಂಕಟ ಆಗುತ್ತದೆ. ಬಣ್ಣ ನಿಮಗೆ ಸಂಶಯ ಹುಟ್ಟಿಸಬೇಕು, ಅಷ್ಟೇ. ಉತ್ತರ ಕೊಡೋದು ಟೆಸ್ಟು.

ಇನ್ನೊಂದು ಸಣ್ಣ ವಿಷಯ. ರಕ್ತ ಎಲ್ಲಿಂದ ಬರುತ್ತಿದೆ ಅಂತ ನೋಡಿ. ಮೂತ್ರಕ್ಕೆ ಹೋದಾಗ ಮಾತ್ರ ಉರಿಯ ಜೊತೆ ಕೆಂಪು ಕಂಡರೆ ಅದು ಮೂತ್ರದ ಸೋಂಕು ಇರಬಹುದು. ಸಂಡಾಸಿಗೆ ಕೂತಾಗ ಮಾತ್ರ ಬಂದರೆ ಮೂಲವ್ಯಾಧಿ ಇರಬಹುದು. ಗಂಡನ ಜೊತೆ ಮಲಗಿದ ಮೇಲೆ ಹನಿ ಕಂಡರೆ ಗರ್ಭಕೋಶದ ಬಾಯಿಯಿಂದ ಬಂದಿರಬಹುದು. ಬಸಿರಿನಲ್ಲಿ ಅಲ್ಲಿ ರಕ್ತದ ಓಡಾಟ ಜಾಸ್ತಿ ಇರುತ್ತದೆ. ಯಾವುದೇ ಇದ್ದರೂ ಡಾಕ್ಟರಿಗೆ ಹೇಳಲೇಬೇಕು.

ಯಾರು ಹೆಚ್ಚು ಸಂಶಯ ಪಡಬೇಕು?

ಮುಟ್ಟು ಕ್ರಮವಾಗಿ ಬರದವರು, ಪಿಸಿಓಡಿ ಅನ್ನೋ ಅಂಡಾಶಯದ ತೊಂದರೆ ಇರುವವರು. ಕೂಸಿಗೆ ಹಾಲು ಕುಡಿಸುತ್ತಾ ಇನ್ನೂ ಮುಟ್ಟು ಶುರುವಾಗದ ಬಾಣಂತಿಯರು, ಏಕೆಂದರೆ ಮೊದಲ ಮುಟ್ಟಿಗೂ ಮುಂಚೆಯೇ ಬಸಿರು ನಿಲ್ಲಬಹುದು. ನಲವತ್ತು ದಾಟಿ "ಇದು ಮುಟ್ಟು ನಿಲ್ಲೋ ಕಾಲ" ಅಂದುಕೊಂಡವರು. ಕೂಡಿದ ಮೇಲೆ ಬಸಿರು ನಿಲ್ಲದಿರಲಿ ಅಂತ 72 ಗಂಟೆಯ ಮಾತ್ರೆ ನುಂಗಿದವರು. ಆ ಮಾತ್ರೆಯಿಂದಲೇ ಮಧ್ಯೆ ರಕ್ತ ಬರಬಹುದು, ಅದನ್ನು ಮುಟ್ಟು ಬಂತು, ಪಾರಾದೆ ಅಂತ ತಿಳಿಯುವವರು ಬಹಳ. ಬಸಿರು ತಡೆಯುವ ಅಂತರಾ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾ ಒಂದು ಡೋಸ್ ತಪ್ಪಿಸಿದವರು.

ಇವರೆಲ್ಲರಿಗಿಂತ ಹೆಚ್ಚಾಗಿ, ಕಾಪರ್-ಟಿ ಹಾಕಿಸಿಕೊಂಡವರು ಮತ್ತು ಮಕ್ಕಳಾಗದ ಆಪರೇಶನ್ ಮಾಡಿಸಿಕೊಂಡವರು. "ಆಪರೇಶನ್ ಆಗಿ ಎಂಟು ವರ್ಷ ಆತು, ನನಗೆಲ್ಲಿ ಬಸಿರು" ಅಂತ ನಗಬೇಡಿ. ಇವೆರಡೂ ಬಹಳ ಚೆನ್ನಾಗಿ ಕೆಲಸ ಮಾಡುತ್ತವೆ, ನಿಜ. ಆದರೆ ಅಪರೂಪಕ್ಕೆ ತಪ್ಪಿ ಬಸಿರು ನಿಂತರೆ ಅದು ನಾಳದಲ್ಲಿ ಕೂರೋ ಸಂಭವ ಜಾಸ್ತಿ. ಇವರಿಗೆ ಮುಟ್ಟು ತಪ್ಪಿ, ರಕ್ತ ಹನಿಹನಿ ಆಗಿ, ಹೊಟ್ಟೆಯ ಒಂದು ಕಡೆ ನೋವು ಬಂದರೆ ಅದೇ ದಿನ ತೋರಿಸಬೇಕು.

ಹೆಜ್ಜೆ 2: ಮೂತ್ರದ ಟೆಸ್ಟ್ ಮಾಡಿ

ಆಶಾ ಕಾರ್ಯಕರ್ತೆಯರ ಹತ್ತಿರ ನಿಶ್ಚಯ್ ಅನ್ನೋ ಸರಕಾರದ ಕಿಟ್ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಕೇಳೋಕೆ ನಾಚಿಕೆ ಆದರೆ ಯಾವ ಮೆಡಿಕಲ್ ಶಾಪ್‌ನಲ್ಲಾದರೂ ಸಿಗುತ್ತದೆ. ಕೊಳ್ಳುವಾಗ ಅವಧಿ ಮುಗಿಯುವ ತಾರೀಖು ನೋಡಿ.

ಬೆಳಿಗ್ಗೆ ಎದ್ದ ಕೂಡಲೇ ಬರುವ ಮೊದಲ ಮೂತ್ರ ತೆಗೆದುಕೊಳ್ಳಿ. ರಾತ್ರಿಯೆಲ್ಲಾ ಕೂಡಿದ್ದರಿಂದ ಬಸಿರಿನ ಹಾರ್ಮೋನು ಅದರಲ್ಲಿ ದಟ್ಟವಾಗಿರುತ್ತದೆ. ಒಣಗಿದ, ಚೊಕ್ಕ ಇರುವ ಸಣ್ಣ ಬಟ್ಟಲಲ್ಲಿ ಹಿಡಿಯಿರಿ. ಸಾಬೂನಿನ ಅಂಶ ಇರಬಾರದು. ಕಿಟ್‌ನ ಜೊತೆ ಬರುವ ಡ್ರಾಪರ್‌ನಿಂದ ಪೊಟ್ಟಣದ ಮೇಲೆ ಬರೆದಷ್ಟೇ ಹನಿ ಬಿಡಿ, ಸಾಮಾನ್ಯವಾಗಿ ಎರಡು ಮೂರು. ಸುಮಾರು ಐದು ನಿಮಿಷ ಕಾಯಿರಿ.

'ಸಿ' ಅಂತ ಬರೆದಲ್ಲಿ ಒಂದು ಗೆರೆ ಬರಲೇಬೇಕು. ಬರದಿದ್ದರೆ ಕಿಟ್ ಕೆಟ್ಟಿದೆ, ಇನ್ನೊಂದು ತನ್ನಿ. 'ಟಿ' ಹತ್ತಿರವೂ ಗೆರೆ ಬಂದರೆ ಬಸಿರು. ಆ ಗೆರೆ ಎಷ್ಟೇ ಮಸುಕಾಗಿರಲಿ, ಗೆರೆ ಅಂದರೆ ಗೆರೆಯೇ. "ತೆಳ್ಳಗೆ ಬಂದಿದೆ, ಇರಲಿಕ್ಕಿಲ್ಲ" ಅಂತ ಎಸೆಯಬೇಡಿ. ಅರ್ಧ ಗಂಟೆ ಬಿಟ್ಟು ಕಸದ ಬುಟ್ಟಿಯಿಂದ ತೆಗೆದು ನೋಡಿದಾಗ ಕಾಣುವ ಗೆರೆಯನ್ನು ಮಾತ್ರ ನಂಬಬೇಡಿ. ಮಾರನೇ ದಿನ ಹೊಸ ಕಿಟ್‌ನಲ್ಲಿ ನೋಡಿ.

ಒಂದೇ ಗೆರೆ ಬಂತಾ? ಅಲ್ಲಿಗೆ ಮುಗಿಯಲಿಲ್ಲ. ಹಾರ್ಮೋನು ಶುರುವಿನಲ್ಲಿ ಎರಡು ಮೂರು ದಿನಕ್ಕೊಮ್ಮೆ ದುಪ್ಪಟ್ಟು ಆಗುತ್ತಾ ಹೋಗುತ್ತದೆ. ಇವತ್ತು ಕಿಟ್‌ಗೆ ಸಿಗದಷ್ಟು ಕಮ್ಮಿ ಇದ್ದದ್ದು ನಾಲ್ಕು ದಿನಕ್ಕೆ ಸಿಗಬಹುದು. ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ಮತ್ತೆ ನೋಡಿ. ನೋವು ಇದ್ದರೆ ವಾರ ಕಾಯಬೇಡಿ. ರಕ್ತದಲ್ಲಿ ಬೀಟಾ ಎಚ್‌ಸಿಜಿ ಅನ್ನೋ ಪರೀಕ್ಷೆ ಇನ್ನೂ ಬೇಗ, ಇನ್ನೂ ಖಚಿತವಾಗಿ ಹೇಳುತ್ತದೆ.

ಉಪ್ಪು, ಸಕ್ಕರೆ, ಟೂತ್‌ಪೇಸ್ಟ್ ಹಾಕಿ ನೋಡೋ ಟೆಸ್ಟುಗಳು ಸುಳ್ಳು. ಅದರ ಮೇಲೆ ನಿಮ್ಮ ಜೀವ ಇಡಬೇಡಿ.

ಹೆಜ್ಜೆ 3: ಎರಡು ತಾರೀಖು ಬರೆಯಿರಿ

ನನ್ನನ್ನು ಕೇಳಿದರೆ ಇಡೀ ಲೇಖನದಲ್ಲಿ ಇದೇ ದೊಡ್ಡ ಮಾತು. "ಎರಡು ವಾರದ ಹಿಂದೆ ಮುಟ್ಟಾಗಿದೆ" ಅಂದ ನನ್ನ ಆ ಒಂದು ಉತ್ತರದಿಂದ ಬಸಿರಿನ ಯೋಚನೆಯೇ ಆ ಕ್ಲಿನಿಕ್‌ನಲ್ಲಿ ಯಾರಿಗೂ ಬರಲಿಲ್ಲ. ಒಂದು ಮೂತ್ರದ ಟೆಸ್ಟ್ ಮಾಡಿಸಿದ್ದರೆ ಮೂರು ದಿನ ಮುಂಚೆ ಗೊತ್ತಾಗುತ್ತಿತ್ತು. ಅವರೂ ಮಾಡಿಸಲಿಲ್ಲ, ನನಗೂ ಕೇಳೋಕೆ ಗೊತ್ತಿರಲಿಲ್ಲ.

ಡಾಕ್ಟರ್ "ಲಾಸ್ಟ್ ಮುಟ್ಟು ಯಾವಾಗ?" ಅಂದರೆ ಒಂದೇ ತಾರೀಖು ಹೇಳಬೇಡಿ. ಎರಡು ಹೇಳಿ. ಒಂದು, ಈಗ ರಕ್ತ ಕಂಡ ತಾರೀಖು. ಎರಡು, ಅದಕ್ಕೂ ಹಿಂದೆ ಸರಿಯಾಗಿ, ಯಾವತ್ತಿನ ಹಾಗೆ ಮುಟ್ಟಾದ ತಾರೀಖು. "ಮೊನ್ನೆ ಆಗಿದ್ದು ಸರಿಯಾಗಿ ಆಗಲಿಲ್ರೀ, ಎರಡೇ ದಿನ ಹನಿಹನಿ ಆತು. ಸರಿಯಾಗಿ ಆಗಿದ್ದು ಅದಕ್ಕಿಂತ ಮುಂಚಿನ ತಿಂಗಳು." ಇಷ್ಟು ಹೇಳಿದರೆ ಸಾಕು, ಕೇಳುವವರ ಕಿವಿ ಚುರುಕಾಗುತ್ತದೆ.

ತಾರೀಖು ನೆನಪಿಲ್ಲ ಅಂತೀರಾ? ನಮ್ಮ ಹೆಣ್ಣುಮಕ್ಕಳು ಹಬ್ಬದ ಲೆಕ್ಕದಲ್ಲಿ ಎಲ್ಲವನ್ನೂ ನೆನಪಿಟ್ಟಿರುತ್ತಾರೆ. "ಪಂಚಮಿಗೆ ತವರಿಗೆ ಹೋಗಿದ್ನೆಲ್ಲ, ಉಂಡಿ ಕಟ್ಟೋ ದಿನಾನ ಹೊರಗಾದೆ." "ಸೀಗಿ ಹುಣ್ಣಿವಿಗೆ ಹೊಲಕ್ಕ ಹೋಗಾಕ ಆಗಲಿಲ್ಲ." ಇದು ಬಹಳ ಒಳ್ಳೆಯ ಲೆಕ್ಕ. ಗೋಡೆಯ ಮೇಲಿನ ಶಾಬಾದಿಮಠ ಕ್ಯಾಲೆಂಡರ್ ಇಳಿಸಿಕೊಂಡು ಆ ಹಬ್ಬ ಯಾವ ತಾರೀಖಿಗೆ ಬಿದ್ದಿತ್ತು ನೋಡಿ. ಸಂತೆಯ ದಿನ, ಸಂಘದ ಕಂತು ಕಟ್ಟಿದ ದಿನ, ಹೆಸರುಕಾಯಿ ಬಿಡಿಸೋಕೆ ಹೋದ ವಾರ, ಯಾವುದಾದರೂ ಒಂದು ಸಿಕ್ಕೇ ಸಿಗುತ್ತದೆ.

ತಾರೀಖು ತಪ್ಪಿದರೆ ಏನಾಗುತ್ತದೆ ನೋಡಿ. ಒಬ್ಬಳಿಗೆ ಜುಲೈ 1ಕ್ಕೆ ಸರಿಯಾಗಿ ಮುಟ್ಟಾಯಿತು ಅನ್ನಿ. ಆಗಸ್ಟ್ 2ಕ್ಕೆ ಎರಡು ದಿನ ಕಂದು ರಕ್ತ ಕಂಡಿತು. ಹೆರಿಗೆಯ ದಿನಕ್ಕೆ, ಮುಟ್ಟಿನ ಮೊದಲ ದಿನಕ್ಕೆ 9 ತಿಂಗಳು ಮತ್ತು 7 ದಿನ ಸೇರಿಸುತ್ತಾರೆ. ಜುಲೈ 1 ಹಿಡಿದರೆ ಏಪ್ರಿಲ್ 8 ಬರುತ್ತದೆ. ಆಗಸ್ಟ್ 2 ಹಿಡಿದರೆ ಮೇ 9. ಒಂದು ತಿಂಗಳು ಪೂರ್ತಿ ಹೆಚ್ಚುಕಮ್ಮಿ! ಏಪ್ರಿಲ್‌ನಲ್ಲಿ ನೋವು ಶುರುವಾದರೆ ಮನೆಯವರು "ಇನ್ನೂ ದಿನ ತುಂಬಿಲ್ಲ, ಸುಳ್ಳು ನೋವು" ಅಂತ ಕೂತುಬಿಡುತ್ತಾರೆ. 11ರಿಂದ 14ನೇ ವಾರದೊಳಗೆ ಆಗಬೇಕಾದ ಸ್ಕ್ಯಾನ್ ತಪ್ಪಿಹೋಗುತ್ತದೆ. ಮಗುವಿನ ಬೆಳವಣಿಗೆ ನೋಡುವಾಗ ಲೆಕ್ಕವೇ ಹೊಂದುವುದಿಲ್ಲ. ಮೊದಲ ಮೂರು ತಿಂಗಳೊಳಗೆ ಒಂದು ಸ್ಕ್ಯಾನ್ ಮಾಡಿಸಿದರೆ ಈ ತಪ್ಪು ಸರಿಯಾಗುತ್ತದೆ. ಆಗ ಸಿಗುವ ವಾರದ ಲೆಕ್ಕದಲ್ಲಿ ಹೆಚ್ಚೆಂದರೆ ಐದರಿಂದ ಏಳು ದಿನ ವ್ಯತ್ಯಾಸ ಇರುತ್ತದೆ. ಆ ತಾರೀಖನ್ನು ತಾಯಿ ಕಾರ್ಡಿನಲ್ಲಿ ಬರೆಸಿ.

ಬಸಿರು ಬೇಡ ಅನ್ನುವವರಿಗೂ ಈ ಲೆಕ್ಕ ಬೇಕು. ಗರ್ಭಪಾತದ ಮಾತ್ರೆ ಕೊಡೋದು 9 ವಾರದೊಳಗೆ. ಕಾನೂನಿನ ಪ್ರಕಾರ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು, ಆಮೇಲೆ 24 ವಾರದವರೆಗೆ ಕೆಲವು ಸಂದರ್ಭಗಳಿಗೆ ಮಾತ್ರ. ಐದು ವಾರ ಅಂದುಕೊಂಡಿದ್ದು ಒಂಬತ್ತೂವರೆ ವಾರ ಆಗಿದ್ದರೆ ಎಲ್ಲಾ ಬದಲಾಗುತ್ತದೆ.

ಹೆಜ್ಜೆ 4: ಬಸಿರು ಅಂತ ಗೊತ್ತಾಗಿ ರಕ್ತ ಕಂಡಿದ್ದರೆ, ಕಾಯಬಹುದಾ, ಓಡಬೇಕಾ?

ಕೂಡಲೇ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಬೇಕಾದದ್ದು ಇಂಥ ಹೊತ್ತಿನಲ್ಲಿ:

ಕೆಳಹೊಟ್ಟೆಯ ಒಂದೇ ಕಡೆ ನೋವು, ಅದು ಹೆಚ್ಚಾಗುತ್ತಿದ್ದರೆ. ಹೆಗಲಿನ ತುದಿ ನೋಯುತ್ತಿದ್ದರೆ, ಮಲಗಿದಾಗ ಅದು ಜಾಸ್ತಿಯಾದರೆ. ತಲೆ ತಿರುಗಿ ಬಿದ್ದರೆ, ಮೈ ತಣ್ಣಗಾಗಿ ಬೆವರಿದರೆ, ಮುಖ ಬಿಳಿಚಿದರೆ. ಒಂದು ಗಂಟೆಗೆ ಒಂದು ಪ್ಯಾಡ್ ಪೂರ್ತಿ ನೆನೆದು, ಎರಡನೇ ಗಂಟೆಯೂ ಹಾಗೇ ಆದರೆ. ಗಡ್ಡೆ ಅಥವಾ ಮಾಂಸದ ತುಂಡಿನಂಥದ್ದು ಬಿದ್ದರೆ. ಚಳಿ ಜ್ವರ, ಕೆಟ್ಟ ವಾಸನೆ ಇದ್ದರೆ.

ಮೊದಲ ಮೂರು ಗುರುತು ನಾಳದ ಬಸಿರಿನವು. ನೂರು ಬಸಿರಿನಲ್ಲಿ ಒಂದೋ ಎರಡೋ ಹೀಗೆ ನಾಳದಲ್ಲಿ ಕೂರುತ್ತವೆ. ಹೊರಗೆ ಹನಿ ರಕ್ತ ಕಾಣುತ್ತದೆ, ಒಳಗೆ ಲೀಟರ್‌ಗಟ್ಟಲೆ ಸೋರಿರಬಹುದು. ಹಾಗಾಗಿ ಪ್ಯಾಡ್ ನೋಡಿ "ಕಮ್ಮಿ ಇದೆಯಲ್ಲ" ಅನ್ನೋದು ಇಲ್ಲಿ ನಡೆಯುವುದಿಲ್ಲ. ನಾಳ ಒಡೆಯೋ ಮುಂಚೆ ಗೊತ್ತಾದರೆ ಕೆಲವರಿಗೆ ಇಂಜೆಕ್ಷನ್‌ನಲ್ಲೇ ವಾಸಿಯಾಗುತ್ತದೆ. ಒಡೆದ ಮೇಲೆ ಆಪರೇಶನ್ ಒಂದೇ ದಾರಿ.

ಈ ಗುರುತು ಯಾವುದೂ ಇಲ್ಲ, ಬರೀ ನಾಲ್ಕು ಹನಿ ಕಂಡಿದೆ, ನೋವಿಲ್ಲ ಅನ್ನೋದಾದರೆ ರಾತ್ರೋರಾತ್ರಿ ಓಡಬೇಕಿಲ್ಲ. ಆದರೆ ಮಾರನೇ ದಿನ ತೋರಿಸಲೇಬೇಕು. ರಕ್ತ ನಿಂತಿತು ಅಂತ ಬಿಡಬೇಡಿ.

ಇನ್ನೊಂದು ರೀತಿ ಇದೆ. ದ್ರಾಕ್ಷಿ ಗರ್ಭ ಅಂತಾರೆ. ಮಗು ಬೆಳೆಯದೆ ದ್ರಾಕ್ಷಿ ಗೊಂಚಲಿನಂಥ ನೀರುಗುಳ್ಳೆಗಳು ಬೆಳೆಯುತ್ತವೆ. ಕಂದು ರಕ್ತ ಹೋಗುತ್ತಿರುತ್ತದೆ, ವಾಂತಿ ವಿಪರೀತ, ತಿಂಗಳಿಗೆ ಮೀರಿ ಹೊಟ್ಟೆ ದೊಡ್ಡದಾಗಿರಬಹುದು. ಇದನ್ನು ಸ್ಕ್ಯಾನ್ ಇಲ್ಲದೆ ಹೇಳೋಕೆ ಆಗಲ್ಲ. ತೆಗೆಸಿದ ಮೇಲೂ ತಿಂಗಳುಗಟ್ಟಲೆ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು.

ಹೆಜ್ಜೆ 5: ಹೊರಡೋ ಮುಂಚೆ ಮನೆಯಲ್ಲಿ

ಪ್ಯಾಡ್ ಇಟ್ಟುಕೊಳ್ಳಿ. ಹಳೆಯ ಅರಿವೆ ಮಡಚಿ ಇಟ್ಟರೆ ಎಷ್ಟು ಹೋಯ್ತು ಅಂತ ಡಾಕ್ಟರಿಗೆ ಹೇಳೋಕೆ ಕಷ್ಟ. ಎಷ್ಟು ಹೊತ್ತಿಗೆ ಎಷ್ಟು ಬದಲಿಸಿದಿರಿ ಅಂತ ಫೋನಿನಲ್ಲಿ ಬರೆದುಕೊಳ್ಳಿ. ನೆನೆದ ಪ್ಯಾಡಿನ ಫೋಟೋ ತೆಗೆದುಕೊಂಡರೂ ನಡೆಯುತ್ತದೆ, ಇದರಲ್ಲಿ ಹೇಸಿಕೆ ಏನಿಲ್ಲ. ತುಂಡಿನಂಥದ್ದು ಬಿದ್ದರೆ ಚೊಕ್ಕ ಡಬ್ಬಿಯಲ್ಲಿ ಹಾಕಿ ಒಯ್ಯಿರಿ. ಅದು ಬರೀ ಗಡ್ಡೆಯಾ, ಗರ್ಭದ ಭಾಗವಾ ಅಂತ ಅವರು ನೋಡುತ್ತಾರೆ.

ಒಳಗೆ ನೀರು ಹಾಕಿ ತೊಳೆಯಬೇಡಿ. ಒಳಗೆ ಏನನ್ನೂ ಇಡಬೇಡಿ. ಡಾಕ್ಟರ್ ಹೇಳೋವರೆಗೆ ಗಂಡ ಹೆಂಡತಿ ಕೂಡಬಾರದು. ನೋವು ಅಂತ ಮನೆಯಲ್ಲಿದ್ದ ಬ್ರೂಫೆನ್, ಆಸ್ಪಿರಿನ್ ನುಂಗಬೇಡಿ. ಜೋರು ರಕ್ತ, ಜೋರು ನೋವು ಇದ್ದರೆ ಊಟ ಮಾಡಿ ಹೊರಡಬೇಡಿ, ಆಪರೇಶನ್ ಬೇಕಾಗಬಹುದು. ಒಬ್ಬರೇ ಬಸ್ ಹತ್ತಬೇಡಿ.

ತಾಯಿ ಕಾರ್ಡ್ ಆಗಿದ್ದರೆ ಅದು, ಆಧಾರ್ ಕಾರ್ಡ್, ಹಳೆಯ ಸ್ಕ್ಯಾನ್ ರಿಪೋರ್ಟ್, ರಕ್ತದ ಗುಂಪಿನ ಚೀಟಿ, ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್ ಒಂದು ಚೀಲಕ್ಕೆ ಹಾಕಿ.

ಮೆಡಿಕಲ್ ಶಾಪ್ ವಿಷಯಕ್ಕೆ ಬರಲೇಬೇಕು. ಮುಟ್ಟು ತಡ ಆಯ್ತು ಅಂದರೆ "ಮುಟ್ಟು ಬರೋ ಮಾತ್ರೆ ಕೊಡ್ರಿ" ಅಂತ ಗಂಡನನ್ನು ಕಳಿಸೋದು ನಮ್ಮಲ್ಲಿ ರೂಢಿಯಾಗಿದೆ. ಮಾತ್ರೆ ನುಂಗಿ ನಿಲ್ಲಿಸಿದ ಮೇಲೆ ರಕ್ತ ಬಂದರೆ ಬಸಿರಿಲ್ಲ ಅಂತ ತಿಳಿಯುತ್ತಾರೆ. ಬಾರದಿದ್ದರೆ ಗರ್ಭಪಾತದ ಕಿಟ್ ತಂದು ನುಂಗುತ್ತಾರೆ. ಬಸಿರು ನಾಳದಲ್ಲಿದ್ದರೆ ಆ ಕಿಟ್‌ನಿಂದ ಅದು ಹೋಗುವುದಿಲ್ಲ. ಗರ್ಭಕೋಶದಿಂದ ರಕ್ತ ಮಾತ್ರ ಬರುತ್ತದೆ. ಎಲ್ಲಾ ಹೋಯ್ತು ಅಂದುಕೊಂಡು ಕೂತಾಗ ನಾಳ ಒಡೆಯುತ್ತದೆ. ಮಾತ್ರೆಗೆ ಮುಂಚೆ ಬಸಿರು ಎಲ್ಲಿದೆ ಅಂತ ತಪಾಸಣೆ ಆಗಲೇಬೇಕು ಅನ್ನೋದು ಇದಕ್ಕೇ. ದಯವಿಟ್ಟು, ಇದೊಂದನ್ನು ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಹೇಳಿ.

ಹೆಜ್ಜೆ 6: ಎಲ್ಲಿಗೆ ಹೋಗಬೇಕು

108ಕ್ಕೆ ಫೋನ್ ಮಾಡಿ "ಗರ್ಭಿಣಿಗೆ ರಕ್ತ ಹೋಗುತ್ತಿದೆ, ತಲೆ ಸುತ್ತುತ್ತಿದೆ" ಅಂತ ಮೊದಲ ವಾಕ್ಯದಲ್ಲೇ ಹೇಳಿ. ಊರು, ಹತ್ತಿರದ ಗುಡಿ ಅಥವಾ ಬಸ್ ಸ್ಟಾಪ್ ಹೇಳಿ.

ಹನಿ ರಕ್ತ, ನೋವಿಲ್ಲ ಅಂದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಿಂದ ಶುರು ಮಾಡಬಹುದು. ಪ್ರತಿ ತಿಂಗಳು 9ನೇ ತಾರೀಖಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ಉಚಿತ ಇರುತ್ತದೆ, ಆದರೆ ರಕ್ತ ಕಂಡವರು 9ನೇ ತಾರೀಖಿಗೆ ಕಾಯಬಾರದು. ಅಪಾಯದ ಗುರುತು ಇದ್ದರೆ ರಕ್ತ ಕೊಡುವ, ಆಪರೇಶನ್ ಮಾಡುವ ವ್ಯವಸ್ಥೆ ಇರುವಲ್ಲಿಗೇ ನೇರ ಹೋಗಿ. ಸರಕಾರಿ ಅಂದರೆ ಹುಬ್ಬಳ್ಳಿಯ ಕಿಮ್ಸ್ (ಈಗ ಅದರ ಹೆಸರು ಕೆಎಂಸಿಆರ್‌ಐ), ಧಾರವಾಡ ಮತ್ತು ಹಾವೇರಿಯ ಜಿಲ್ಲಾ ಆಸ್ಪತ್ರೆ, ಗದಗಿನ ಜಿಮ್ಸ್. ಹಾನಗಲ್ಲು, ಹಿರೇಕೆರೂರು, ನರಗುಂದ, ರೋಣದ ಕಡೆಯವರಿಗೆ ದಾರಿ ದೂರ. ಹೊರಡುವಾಗಲೇ ಗೊತ್ತಿರೋ ಸಿಸ್ಟರ್‌ಗೋ ಆಶಾಗೋ ಫೋನ್ ಮಾಡಿಸಿ, ಮುಂದಿನ ಆಸ್ಪತ್ರೆಗೆ ತಿಳಿಸಿರಿ ಅನ್ನಿ.

ಹೆಜ್ಜೆ 7: ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ

ಬಿಪಿ, ನಾಡಿ ನೋಡುತ್ತಾರೆ. ರಕ್ತದ ಗುಂಪು, ಹಿಮೋಗ್ಲೋಬಿನ್, ಬೀಟಾ ಎಚ್‌ಸಿಜಿ ಪರೀಕ್ಷೆಗೆ ರಕ್ತ ತೆಗೆಯುತ್ತಾರೆ. ಆಮೇಲೆ ಸ್ಕ್ಯಾನ್. ಶುರುವಿನ ವಾರಗಳಲ್ಲಿ ಒಳಗಿನಿಂದ ಮಾಡುವ ಸ್ಕ್ಯಾನ್ ಚೆನ್ನಾಗಿ ತೋರಿಸುತ್ತದೆ. ತೆಳ್ಳನೆಯ ಕೋಲಿನಂಥ ಸಾಧನವನ್ನು ಯೋನಿಯೊಳಗೆ ಇಟ್ಟು ನೋಡುತ್ತಾರೆ. ಅದರಿಂದ ಬಸಿರಿಗೆ ಏನೂ ಆಗಲ್ಲ, ರಕ್ತ ಹೆಚ್ಚಾಗಲ್ಲ. ನನ್ನ ಪಕ್ಕದ ಮಂಚದಲ್ಲಿದ್ದ ಹುಡುಗಿ ಇದಕ್ಕೇ ಹೆದರಿ ಎರಡು ಸಲ ವಾಪಸ್ ಹೋಗಿದ್ದಳಂತೆ. ಹೆದರಿಕೆ ಆದರೆ ಹೇಳಿ, ಜೊತೆಗೆ ಸಿಸ್ಟರ್ ಇರಲಿ ಅಂತ ಕೇಳಿ.

ಐದನೇ ವಾರದ ಹೊತ್ತಿಗೆ ಗರ್ಭದ ಚೀಲ, ಆರೇಳು ವಾರಕ್ಕೆ ಹೃದಯ ಬಡಿತ ಕಾಣಬೇಕು. ಮೊದಲ ಸಲ ಏನೂ ಕಾಣದಿದ್ದರೆ ಎರಡು ದಿನ ಬಿಟ್ಟು ರಕ್ತ ಪರೀಕ್ಷೆ, ವಾರ ಹತ್ತು ದಿನ ಬಿಟ್ಟು ಮತ್ತೆ ಸ್ಕ್ಯಾನ್ ಅಂತಾರೆ. ಅದು ದುಡ್ಡು ಕೀಳೋಕೆ ಅಲ್ಲ. ಬಸಿರು ತೀರಾ ಚಿಕ್ಕದಿದೆಯಾ, ಹೋಗಿದೆಯಾ, ಬೇರೆ ಕಡೆ ಕೂತಿದೆಯಾ ಅಂತ ತಿಳಿಯೋಕೆ ಆ ಎರಡನೇ ಪರೀಕ್ಷೆ ಬೇಕು. ತಪ್ಪಿಸಬೇಡಿ.

ನಿಮ್ಮ ರಕ್ತದ ಗುಂಪು ನೆಗೆಟಿವ್ ಇದ್ದರೆ ನೀವಾಗಿಯೇ ಹೇಳಿ. ಬಸಿರಿನಲ್ಲಿ ರಕ್ತ ಹೋದಾಗ ಆಂಟಿ-ಡಿ ಇಂಜೆಕ್ಷನ್ ಬೇಕಾ ಅಂತ ಕೇಳಿ. ಬೇಕಿದ್ದರೆ ಅದನ್ನು 72 ಗಂಟೆಯೊಳಗೆ ಕೊಡಬೇಕು. ಇಲ್ಲದಿದ್ದರೆ ಮುಂದಿನ ಮಗುವಿಗೆ ತೊಂದರೆ.

ಐದು ತಿಂಗಳ ಮೇಲೆ ರಕ್ತ ಕಂಡರೆ

ಇದು ಬೇರೆಯೇ ಲೆಕ್ಕ. ಈ ಹೊತ್ತಿಗೆ ಮುಟ್ಟು ಅಂತ ಯಾರೂ ತಿಳಿಯಲ್ಲ, ಆದರೆ "ಉಷ್ಣ ಆಗಿದೆ" ಅಂತ ತಿಳಿಯುತ್ತಾರೆ. ಎಳನೀರು ಕುಡಿಸಿ ಮಲಗಿಸುತ್ತಾರೆ. ನೋವೇ ಇಲ್ಲದೆ ಕೆಂಪು ರಕ್ತ ಬಂದರೆ ಕಸ, ಅಂದರೆ ಮಾಸು, ಗರ್ಭಕೋಶದ ಬಾಯಿಗೆ ಅಡ್ಡ ಕೂತಿರಬಹುದು. ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿ ನೋಯುತ್ತಿದ್ದರೆ ಮಾಸು ಬಿಟ್ಟುಕೊಳ್ಳುತ್ತಿರಬಹುದು. ಎರಡರಲ್ಲೂ ತಾಯಿ ಮಗು ಇಬ್ಬರಿಗೂ ಅಪಾಯ. ಮಾಸು ಎಲ್ಲಿದೆ ಅಂತ ಸ್ಕ್ಯಾನ್‌ನಲ್ಲಿ ಗೊತ್ತಾಗೋವರೆಗೆ ಯಾರೂ ಒಳಗೆ ಕೈ ಹಾಕಿ ನೋಡಬಾರದು. ಕುಬಸದ (ಸೀಮಂತದ) ಮನೆಯಲ್ಲಿ ಎಷ್ಟೇ ಜನ ಕೂಡಿರಲಿ, ಒಂದು ಹನಿ ಕಂಡರೂ ಎದ್ದು ಹೊರಡಿ. ದಿನ ತುಂಬಿದ ಮೇಲೆ ಲೋಳೆಯ ಜೊತೆ ಸ್ವಲ್ಪ ಕೆಂಪು ಕಂಡರೆ ಅದು ಹೆರಿಗೆಯ ಸೂಚನೆ, ಆಗಲೂ ಆಸ್ಪತ್ರೆಗೇ.

ಬಸಿರು ಉಳಿಯದೆ ಹೋದರೆ

ಗೊತ್ತಾದ ನೂರು ಬಸಿರಿನಲ್ಲಿ 10ರಿಂದ 20 ಹೀಗೆ ಹೋಗುತ್ತವೆ, ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ. ಶುರುವಿನಲ್ಲಿ ಹೋಗುವವುಗಳಲ್ಲಿ ಅರ್ಧದಷ್ಟಕ್ಕೆ ವರ್ಣತಂತುಗಳಲ್ಲಿನ ದೋಷ ಕಾರಣ. ಮಗು ಕಟ್ಟುವಾಗಲೇ ಆಗಿರುವ ದೋಷ ಅದು. ಹದಗೆಟ್ಟ ರೋಡಿನಲ್ಲಿ ಬಸ್ಸಿಗೆ ಹೋಗಿದ್ದಕ್ಕೆ ಅಲ್ಲ. ಕೊಡ ಎತ್ತಿದ್ದಕ್ಕೆ ಅಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸೋಕೆ ಕೂತಿದ್ದಕ್ಕೂ ಅಲ್ಲ. ಒಂದು ಹೋಳು ಪಪ್ಪಾಯಿ ತಿಂದಿದ್ದಕ್ಕೂ ಅಲ್ಲ. ಹಾಸಿಗೆ ಬಿಟ್ಟು ಏಳದೆ ಮಲಗಿದರೆ ಉಳಿಯುತ್ತಿತ್ತು ಅನ್ನೋದಕ್ಕೂ ಆಧಾರ ಇಲ್ಲ. ಈ ಮಾತನ್ನು ಅತ್ತೆಯಂದಿರು, ಗಂಡಂದಿರು ಮನಸ್ಸಿಟ್ಟು ಓದಬೇಕು. ರಕ್ತ ಹೋಗಿ ಮಲಗಿದ ಹುಡುಗಿಗೆ "ನೀ ಏನ್ ತಿಂದಿ?" ಅಂತ ಕೇಳೋದು ಅವಳ ಗಾಯಕ್ಕೆ ಕಾರ ಹಚ್ಚಿದ ಹಾಗೆ. ನನ್ನ ಅತ್ತಿ ಹಾಗೆ ಕೇಳಲಿಲ್ಲ. ತಿಂಗಳತನಕ ರೊಟ್ಟಿ ತಾವೇ ಬಡಿದರು.

ಬಸಿರು ಹೋದ ಮೇಲೆ ಮೂರು ವಾರ ಬಿಟ್ಟು ಮೂತ್ರದ ಟೆಸ್ಟ್ ಮಾಡಿ ನೋಡಿ, ಇನ್ನೂ ಎರಡು ಗೆರೆ ಇದ್ದರೆ ತೋರಿಸಿ. ನಾಳದ ಬಸಿರಿಗೆ ಇಂಜೆಕ್ಷನ್ ತೆಗೆದುಕೊಂಡವರು ಕನಿಷ್ಠ ಮೂರು ತಿಂಗಳು ಬಸಿರು ನಿಲ್ಲದ ಹಾಗೆ ನೋಡಿಕೊಳ್ಳಬೇಕು. ಒಂದು ನಾಳ ತೆಗೆದರೂ ಇನ್ನೊಂದು ಚೆನ್ನಾಗಿದ್ದರೆ ಬಸಿರು ನಿಲ್ಲುತ್ತದೆ. ಆದರೆ ಒಮ್ಮೆ ನಾಳದಲ್ಲಿ ಕೂತವರಿಗೆ ಮತ್ತೆ ಹಾಗಾಗುವ ಸಂಭವ ಉಳಿದವರಿಗಿಂತ ಜಾಸ್ತಿ. ಹಾಗಾಗಿ ಮುಟ್ಟು ನಾಲ್ಕು ದಿನ ತಡವಾದರೂ ಟೆಸ್ಟ್ ಮಾಡಿ, ಎರಡು ಗೆರೆ ಬಂದರೆ ಆರನೇ ವಾರಕ್ಕೆ ಸ್ಕ್ಯಾನ್ ಮಾಡಿಸಿ. ನೋವು ಇದ್ದರೆ ಅದಕ್ಕೂ ಕಾಯಬೇಡಿ.

ನಾನು ಎರಡು ವರ್ಷ ಬಿಟ್ಟು ಹಾಗೇ ಮಾಡಿದೆ. ಆ ಸಲವೂ ಒಂದು ದಿನ ಗುಲಾಬಿ ಬಣ್ಣದ ಹನಿ ಕಂಡಿತ್ತು. ಹಿಟ್ಟು ನಾದಿದ್ದನ್ನು ಹಾಗೇ ಮುಚ್ಚಿಟ್ಟು, ಎರಡು ತಾರೀಖು ಬರೆದ ಚೀಟಿ ಹಿಡಿದು ಹೋದೆ. ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರ್ ಬಾಯಾರು ಪರದೆಯನ್ನು ನನ್ನ ಕಡೆ ತಿರುಗಿಸಿ, ಮಿಣಮಿಣ ಅನ್ನುತ್ತಿದ್ದ ಚುಕ್ಕಿಯ ಮೇಲೆ ಬೆರಳಿಟ್ಟು, "ಒಳಗ ಐತಿ ನೋಡವಾ, ಎಲ್ಲಿ ಇರಬೇಕೋ ಅಲ್ಲೇ ಐತಿ" ಅಂದರು.